ತಮ್ಮನ ಪಾಲಿಗೆ ಬಂದ ಭರಣಿ

ನಮ್ಮ ಬೀದಿಯ ಅಂಗಡಿಯವರ ಸಂಘಕ್ಕೆ ಐವತ್ತು ವರ್ಷ ತುಂಬಿತಂತೆ. ಅದರ ನೆನಪಿಗೆ ಒಂದು ಪುಸ್ತಕ ತರುತ್ತಾರಂತೆ. ಅದರಲ್ಲಿ ಹಳೆಯ ಅಂಗಡಿಯವರೊಬ್ಬರ ಬದುಕಿನ ಕಥೆ ಇರಬೇಕಂತೆ. ಇಷ್ಟನ್ನು ಹೇಳಿ ಸಂಘದ ಕಾರ್ಯದರ್ಶಿ, ಅಂದರೆ ಮೂಲೆಯ ಕನ್ನಡಕದಂಗಡಿಯವನು, ನನ್ನ ಮುಂದೆ ಕುಳಿತು ಚಹಾ ಕುಡಿದ. ನಾನು ಮೆಲ್ಲಗೆ ಅಂಗಿಯ ಕಾಲರು ಸರಿಮಾಡಿಕೊಂಡೆ. ಬೀದಿಗೆಲ್ಲ ದೊಡ್ಡದು ನನ್ನ ಬೇಕರಿ. ಮೂರು ಬಾಗಿಲು, ಗಾಜಿನ ಕಪಾಟು, ಹದಿನಾಲ್ಕು ಜನ ಕೆಲಸದವರು. ಬರೆಯಬೇಕೆಂದರೆ ಬೇಕಾದಷ್ಟಿದೆ.

“ಯಾರ ಬಗ್ಗೆ ಅಂತ ಮೊನ್ನೆ ಸಭೇಲಿ ತೀರ್ಮಾನ ಆಯ್ತು,” ಎಂದ ಅವನು. “ನಿಮ್ಮ ತಮ್ಮನ ಬಗ್ಗೆ. ಎಲ್ಲರೂ ಒಂದೇ ಬಾಯಲ್ಲಿ ಒಪ್ಪಿದ್ರು. ಬರೆಯೋಕೆ ನಿಮಗಿಂತ ಸರಿಯಾದವರು ಇನ್ಯಾರಿದ್ದಾರೆ ಹೇಳಿ?”

ಅವನು ಕುಡಿಯುತ್ತಿದ್ದ ಚಹಾ ನನ್ನದು. ಅದರಲ್ಲಿ ಅದ್ದಿ ತಿನ್ನುತ್ತಿದ್ದ ಬಿಸ್ಕತ್ತೂ ನನ್ನದೇ.

ಬರೆಯುತ್ತೇನೆ ಎಂದೆ. ಬೇಡ ಎಂದರೆ ಹೊಟ್ಟೆಕಿಚ್ಚು ಅನ್ನುತ್ತಾರೆ. ಹೊಟ್ಟೆಕಿಚ್ಚು ಇದೆ, ಅದು ಬೇರೆ ಮಾತು. ಅದನ್ನು ನಾನೇ ಹೇಳಬೇಕೇ ಹೊರತು ಕನ್ನಡಕದಂಗಡಿಯವನಲ್ಲ. ಸತ್ತವರ ಬಗ್ಗೆಯಾದರೆ ಒಳ್ಳೆಯ ಮಾತು ತಾನಾಗಿಯೇ ಬರುತ್ತದೆ. ಇವನು ಬದುಕಿದ್ದಾನೆ. ನನ್ನ ಗಲ್ಲಾದ ಮುಂದೆ ಕುಳಿತು ಕತ್ತೆತ್ತಿದರೆ ಸಾಕು, ಬೀದಿಯ ಆಚೆ ಬದಿಯಲ್ಲಿ ಅವನ ಒಂಟಿ ಬಾಗಿಲು ಕಾಣುತ್ತದೆ. ಆ ಬಾಗಿಲಿಗೆ ಹಚ್ಚಿದ ನೀಲಿ ಬಣ್ಣ ಸುಲಿದು ಹದಿನೈದು ವರ್ಷವಾಯಿತು. ಇನ್ನೊಂದು ಸಲ ಬಳಿಯುವ ಯೋಚನೆ ಅವನಿಗಿಲ್ಲ. ಆ ಸುಲಿದ ಬಾಗಿಲಿನ ಮುಂದೆ ದಿನಾ ಬೆಳಿಗ್ಗೆ ಜನ ಸಾಲುಗಟ್ಟುತ್ತಾರೆ. ಸಾಲು ಕೆಲವು ದಿನ ಬೆಳೆದು, ರಸ್ತೆ ದಾಟಿ, ನನ್ನ ಅಂಗಡಿಯ ಮೆಟ್ಟಿಲ ತನಕ ಬರುತ್ತದೆ. ನನ್ನ ಮೆಟ್ಟಿಲ ಮೇಲೆ ನಿಂತು, ನನ್ನ ಕಡೆ ಬೆನ್ನು ಹಾಕಿ, ಅವನ ಬ್ರೆಡ್ಡಿಗೆ ಕಾಯುತ್ತಾರೆ.

ಅವನು ದಿನಕ್ಕೆ ಮಾಡುವುದು ನಲವತ್ತು ಬ್ರೆಡ್ಡು. ಮೂವತ್ತೊಂಬತ್ತಲ್ಲ, ನಲವತ್ತೊಂದಲ್ಲ. ಅವನ ಒಲೆಯಲ್ಲಿ ಒಂದು ಸಲಕ್ಕೆ ಇಪ್ಪತ್ತು ಹಿಡಿಸುತ್ತವೆ. ಎರಡು ಸಲ ಬೇಯಿಸುತ್ತಾನೆ, ಬಾಗಿಲ ಬಳಿ ಮೇಜಿನ ಮೇಲೆ ಜೋಡಿಸುತ್ತಾನೆ, ಎಂಟೂವರೆಯ ಒಳಗೆ ಮೇಜು ಖಾಲಿ. ಆಮೇಲೆ ಮೇಜು ಒರೆಸಿ, ಅದರ ಮೇಲೆಯೇ ಕುಳಿತು ಕಾಲು ಆಡಿಸುತ್ತಾ ಹೋಗಿ ಬರುವವರನ್ನು ಮಾತಾಡಿಸುತ್ತಾನೆ. ಬೀದಿಯವರು ಅವನಿಗೆ ನಲವತ್ತಣ್ಣ ಎಂದು ಹೆಸರಿಟ್ಟಿದ್ದಾರೆ. ನನಗೆ ಅಡ್ಡಹೆಸರಿಲ್ಲ. ದೊಡ್ಡಂಗಡಿಯವರು ಅನ್ನುತ್ತಾರೆ, ಅದೂ ಎದುರಿಗೆ ಸಿಕ್ಕಾಗ ಮಾತ್ರ.

“ಮೂರನೇ ಸಲ ಒಲೆಗಿಡೋ, ಅಷ್ಟು ಜನ ಕೈ ಬೀಸ್ಕೊಂಡು ವಾಪಸ್ ಹೋಗ್ತಾರೆ,” ಎಂದು ನಾನೇ ಒಮ್ಮೆ ಹೇಳಿದ್ದೆ. ಒಳ್ಳೆಯದಕ್ಕೆ ಹೇಳಿದ್ದಲ್ಲ. ಮೂರನೇ ಸಲ ಇಟ್ಟರೆ ಒಂದಿಷ್ಟಾದರೂ ಮಿಕ್ಕೀತು, ಮಿಕ್ಕಿದರೆ ಅವನ ಮೇಜಿನ ಮೇಲೂ ಹಳಸಲು ಬ್ರೆಡ್ಡು ಕಾಣಬಹುದು ಎಂಬ ಆಸೆ ನನ್ನದು.

“ಮೂರನೇ ಸಲ ಇಟ್ರೆ ಮಧ್ಯಾಹ್ನದ ನಿದ್ದೆ ಹೋಗುತ್ತಲ್ಲಣ್ಣ,” ಎಂದ.

ಅರವತ್ತು ದಾಟಿದವನು ಕೊಡುವ ಉತ್ತರವೇ ಇದು? ನಾನು ಅವನಿಗಿಂತ ಆರು ವರ್ಷ ದೊಡ್ಡವನು. ಮಧ್ಯಾಹ್ನ ಮಲಗಿ ಯಾವ ಕಾಲವಾಯಿತೋ ನೆನಪಿಲ್ಲ.

ಅವನ ಕಥೆ ಹೇಳಬೇಕೆಂದರೆ ಭರಣಿಯಿಂದ ಶುರು ಮಾಡಬೇಕು. ಕಂದು ಬಣ್ಣದ ಪಿಂಗಾಣಿ ಭರಣಿ, ಕುತ್ತಿಗೆಯ ಹತ್ತಿರ ಒಂದು ಚಕ್ಕೆ ಎದ್ದಿದೆ. ಅದರಲ್ಲಿ ನಮ್ಮಪ್ಪನ ಹೆಪ್ಪು ಇರುತ್ತಿತ್ತು. ಮೊಸರಿಗೆ ಹೆಪ್ಪು ಹಾಕುವ ಹಾಗೆಯೇ ಹಳೆಯ ಕಾಲದ ಬ್ರೆಡ್ಡಿಗೂ ಹೆಪ್ಪು ಬೇಕು. ಹಿಟ್ಟು ನೀರು ಕಲಸಿಟ್ಟು ಹುಳಿ ಬರಿಸಿದ ಮುದ್ದೆ ಅದು. ದಿನಾ ಅದಕ್ಕೆ ಒಂದು ಹಿಡಿ ಹೊಸ ಹಿಟ್ಟು, ಅದು ನೆನೆಯುವಷ್ಟು ನೀರು ಹಾಕಬೇಕು. ಬಳಸುವ ಮುಂಚೆ ಒಂದು ಚಮಚ ಎತ್ತಿಡಬೇಕು, ಅದರಿಂದಲೇ ನಾಳೆಯದು. ಹೀಗೆ ನಡೆಸಿದರೆ ಆಳು ಸತ್ತರೂ ಹೆಪ್ಪು ಸಾಯುವುದಿಲ್ಲ. ಅಪ್ಪನಿಗೆ ಅದು ಅವರಪ್ಪನಿಂದ ಬಂದದ್ದು.

ನನಗೆ ಏಳು ವರ್ಷವಾಗಿದ್ದಾಗ ಹಿಟ್ಟು ಸಿಗದ ವರ್ಷ ಬಂತು. ಗೋಧಿಯ ಲಾರಿಗಳು ಬರುವುದೇ ನಿಂತುಹೋಯಿತು. ಐದು ತಿಂಗಳು ಒಲೆ ಹೊತ್ತಲಿಲ್ಲ. ಚೀಟಿ ಹಿಡಿದು ಅರ್ಧ ದಿನ ಸಾಲಿನಲ್ಲಿ ನಿಂತರೆ ಮನೆಗೆ ವಾರಕ್ಕೆ ಒಂದು ಚೀಲ ಹಿಟ್ಟು ಕೊಡುತ್ತಿದ್ದರು. ಚೀಲ ಎಂದರೆ ದಿಂಬಿಗಿಂತ ಚಿಕ್ಕದು. ಅಮ್ಮ ಅದನ್ನು ಬಿಚ್ಚುವಾಗ ನಾನು ಪಕ್ಕದಲ್ಲೇ ಕೂರುತ್ತಿದ್ದೆ, ನೆಲಕ್ಕೆ ಉದುರಿದ್ದನ್ನು ಬೆರಳಿಗೆ ಅಂಟಿಸಿಕೊಂಡು ನೆಕ್ಕಲು. ತಮ್ಮ ಆಗ ಒಂದು ವರ್ಷದ ಕೂಸು, ಅಮ್ಮನ ಹಾಲಿತ್ತು, ಅವನಿಗೆ ಏನೂ ಗೊತ್ತಾಗಲಿಲ್ಲ. ಗೊತ್ತಾದದ್ದು ನನಗೆ. ಆ ಹಿಟ್ಟಿನಲ್ಲಿ ದಿನಾ ಬೆಳಿಗ್ಗೆ ಮೊದಲ ಹಿಡಿ ನನಗಲ್ಲ, ಅಮ್ಮನಿಗಲ್ಲ, ಭರಣಿಗೆ ಹೋಗುತ್ತಿತ್ತು.

“ಅದಕ್ಕೆ ಯಾಕೆ, ನನಗೆ ಹಸಿವಾಗ್ತಿದೆ,” ಎಂದರೆ ಅಪ್ಪ, “ಅದೂ ಮನೆಯವರೇ ಕಣೋ. ಅದು ಉಳಿದ್ರೆ ನಾವು ಉಳೀತೀವಿ,” ಅನ್ನುತ್ತಿದ್ದರು.

ಒಂದು ದಿನ ಅಪ್ಪ ಇಲ್ಲದ್ದು ನೋಡಿ ಸ್ಟೂಲು ಹತ್ತಿ ಭರಣಿಗೆ ಕೈ ಹಾಕಿ, ಆ ಹುಳಿ ಹಸಿ ಹಿಟ್ಟನ್ನು ನಾಲ್ಕು ಬೆರಳು ತೋಡಿ ತಿಂದೆ. ಹೊಟ್ಟೆ ಕೆಟ್ಟಿತು, ಅದರಿಂದಲೇ ಸಿಕ್ಕಿಬಿದ್ದೆ. ಅಪ್ಪ ಜೀವಮಾನದಲ್ಲಿ ನನ್ನ ಮೇಲೆ ಕೈ ಮಾಡಿದ್ದು ಅದೊಂದೇ ಸಲ. ಜನ ಹೆಂಗಸರ ಮೇಲೆ, ಆಸ್ತಿಯ ಮೇಲೆ ಅಸೂಯೆ ಪಡುತ್ತಾರೆ. ನಾನು ಏಳನೇ ವಯಸ್ಸಿಗೇ ಒಂದು ಭರಣಿಯ ಮೇಲೆ ಹಲ್ಲು ಕಡಿದವನು.

ಆ ವರ್ಷ ಕಳೆಯಿತು, ಹಿಟ್ಟು ಬಂತು, ಒಲೆ ಹೊತ್ತಿತು. ನನ್ನೊಳಗಿನ ಹಸಿವು ಮಾತ್ರ ಹೋಗಲಿಲ್ಲ. ಇವತ್ತಿಗೂ ನನ್ನ ಉಗ್ರಾಣದಲ್ಲಿ ಮೈದಾ ಮೂಟೆಗಳು ಸೂರು ಮುಟ್ಟುವಂತೆ ಇರಬೇಕು. ಒಂದು ಸಾಲು ಇಳಿದರೂ ನನಗೆ ಊಟ ಸೇರುವುದಿಲ್ಲ. ಮನೆಯಲ್ಲಿ ಮೂರು ಡಬ್ಬಿ ಸಕ್ಕರೆ, ನಾಲ್ಕು ಡಬ್ಬಿ ಉಪ್ಪು. “ಉಪ್ಪು ಕೊಳೆಯಲ್ಲ ನಿಜ, ಆದ್ರೆ ನಾವಿಬ್ಬರೇ ಇದ್ದೀವಲ್ರೀ,” ಎಂದು ನನ್ನ ಹೆಂಡತಿ ಹೇಳಿ ಹೇಳಿ ಸುಮ್ಮನಾದಳು.

ಪಾಲಿನ ದಿನದ ಮಾತು ಹೇಳಲೇಬೇಕು. ಅಪ್ಪನಿಗೆ ಮಂಡಿ ಹಿಡಿದುಕೊಂಡು ಒಲೆಯ ಮುಂದೆ ನಿಲ್ಲಲು ಆಗದೆ ಹೋದಾಗ, ಒಂದು ಭಾನುವಾರ ನಮ್ಮಿಬ್ಬರನ್ನೂ ಅಂಗಡಿಗೆ ಕರೆದರು. “ದೊಡ್ಡವನು ನೀನು, ಏನೇನು ಬೇಕೋ ಮೊದಲು ಹೇಳು,” ಎಂದರು. ನಾನು ಹಿಂದಿನ ದಿನವೇ ಯೋಚಿಸಿಟ್ಟಿದ್ದೆ. ಅಂಗಡಿ, ಇಟ್ಟಿಗೆಯ ಒಲೆ, ಹಿಟ್ಟು ನಾದುವ ಮರದ ಮರಿಗೆ, ಅಚ್ಚುಗಳು, ಕೈಗಾಡಿ, ಗೋಡೆಯ ಗಡಿಯಾರ, ಹೊರಗಿನ ಬೋರ್ಡು, ಅಪ್ಪನ ಜೊತೆ ಇದ್ದ ಒಲೆಯಾಳು. ಒಂದೇ ಉಸಿರಿಗೆ ಹೇಳಿದೆ. ಅಪ್ಪ ಒಂದೊಂದಕ್ಕೂ ತಲೆಯಾಡಿಸಿದರು. ಆಮೇಲೆ ತಮ್ಮನ ಕಡೆ ತಿರುಗಿ, “ನಿನಗೋ?” ಎಂದರು.

ಅವನು ಸುತ್ತ ಒಮ್ಮೆ ನೋಡಿದ. “ಏನು ಉಳಿದಿದೆ?” ಎಂದ.

ಅಪ್ಪನೂ ಸುತ್ತ ನೋಡಿದರು. ಉಳಿದದ್ದು ಕಪಾಟಿನ ಮೇಲಿನ ಭರಣಿ ಒಂದೇ. ಅದನ್ನು ಇಳಿಸಿ ಅವನ ತೊಡೆಯ ಮೇಲಿಟ್ಟರು. “ಇದು ನೋಡು ಉಳೀತು,” ಎಂದರು. ಮೂವರೂ ನಕ್ಕೆವು, ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು. ಆಗಲೇ ಪೇಟೆಗೆ ಈಸ್ಟಿನ ಪೊಟ್ಟಣ ಬಂದಿತ್ತು. ಹರಿದು ಹಾಕಿದರೆ ಎರಡು ಗಂಟೆಯಲ್ಲಿ ಹಿಟ್ಟು ಉಬ್ಬುತ್ತದೆ. ದಿನಾ ಮಗುವಿಗೆ ತಿನ್ನಿಸಿದ ಹಾಗೆ ತಿನ್ನಿಸುವ ಈ ಪೀಡೆ ತೊಲಗಿತಲ್ಲ ಎಂದುಕೊಂಡೆ. ಎರಡು ವರ್ಷಕ್ಕೆ ಅಪ್ಪ ಹೋದರು.

ಅಪ್ಪ ಹೋದ ಮೇಲೆ ಗೊತ್ತಾಯಿತು ನನಗೆ ಏನು ಮರೆತುಹೋಗಿತ್ತೆಂದು. ತಮ್ಮ ಎದುರಿನ ಒಂಟಿ ಕೋಣೆ ಬಾಡಿಗೆಗೆ ಹಿಡಿದು ಸಣ್ಣ ಒಲೆ ಕಟ್ಟಿಸಿದ. ಮೊದಲ ದಿನ ಒಂದು ಬ್ರೆಡ್ಡು ತಂದು ನನಗೆ ಕೊಟ್ಟ. ಮುರಿದೆ. ಹೊರಗಿನ ಸಿಪ್ಪೆ ಚಟಚಟ ಅಂದಿತು, ಒಳಗಿಂದ ಅಪ್ಪನ ಅಂಗಿಯ ವಾಸನೆ ಬಂತು. “ಚೆನ್ನಾಗಿದೆ,” ಎಂದಷ್ಟೇ ಹೇಳಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ. ಅಂಗಡಿ, ಒಲೆ, ಬೋರ್ಡು, ಎಲ್ಲಾ ನನ್ನ ಹತ್ತಿರ. ಅಪ್ಪ ಮಾತ್ರ ಅವನ ಹತ್ತಿರ.

ಹೆಪ್ಪು ಕೇಳಬಹುದಿತ್ತು. ಪಕ್ಕದ ಮನೆಗೆ ಬಟ್ಟಲು ಹಿಡಿದು ಹೋಗಿ ಒಂದು ಚಮಚ ಹೆಪ್ಪು ಕೇಳುವುದಕ್ಕೆ ಯಾರಾದರೂ ನಾಚುತ್ತಾರೆಯೇ? ಕೊಡುವುದಿಲ್ಲ ಅನ್ನುವವರಾದರೂ ಇದ್ದಾರೆಯೇ? ಕೊಟ್ಟವರಿಗೂ ಕಡಿಮೆಯಾಗುವುದಿಲ್ಲ. ಆದರೆ ಎಲ್ಲವನ್ನೂ ಮೊದಲು ಆರಿಸಿಕೊಂಡವನು ನಾನು. ಉಳಿದದ್ದನ್ನು ತೆಗೆದುಕೊಂಡವನ ಬಾಗಿಲಿಗೆ ಬಟ್ಟಲು ಹಿಡಿದು ಹೋಗಲು ಕಾಲು ಏಳಲಿಲ್ಲ. ಇವತ್ತು ನಾಳೆ ಅನ್ನುತ್ತಾ ಮೂವತ್ತು ವರ್ಷ ಹೋಯಿತು.

ಆ ಮೂವತ್ತು ವರ್ಷ ನಾನು ಸುಮ್ಮನೆ ಕೂರಲಿಲ್ಲ. ಹಿಟ್ಟು ನಾದುವ ಯಂತ್ರ ತಂದೆ. ಮೂವತ್ತೆರಡು ಬಗೆಯ ಬ್ರೆಡ್ಡು, ಬನ್ನು, ರಸ್ಕು, ಕೇಕು. ಗಾಜಿನ ಕಪಾಟು ಸಂಜೆಯ ತನಕ ತುಂಬಿಯೇ ಇರಬೇಕು ಎಂದು ಅಪ್ಪಣೆ. ಖಾಲಿ ತಟ್ಟೆ ಕಂಡರೆ ನನಗೆ ಆಗದು. ಮಿಕ್ಕಿದ್ದನ್ನು ಮರುದಿನ ರಸ್ಕು ಮಾಡುತ್ತಿದ್ದೆ, ರಸ್ಕು ಮಿಕ್ಕಿದರೆ ಪುಡಿ, ಪುಡಿ ಮಿಕ್ಕಿದರೆ ಹಂದಿ ಸಾಕುವವನು ಬಂದು ಡ್ರಮ್ಮು ತುಂಬಿಸಿಕೊಂಡು ಹೋಗುತ್ತಿದ್ದ. ಎದುರಿಗೆ ನೋಡಿದರೆ ತಮ್ಮ ಖಾಲಿ ಮೇಜಿನ ಮೇಲೆ ಕುಳಿತು ಕಾಲು ಆಡಿಸುತ್ತಿರುತ್ತಿದ್ದ. ಖಾಲಿ ಮೇಜು ನೋಡಿ ಹೊಟ್ಟೆ ಉರಿಸಿಕೊಂಡವನು ಈ ಬೀದಿಯಲ್ಲಿ ನಾನೊಬ್ಬನೇ ಇರಬೇಕು.

ಒಮ್ಮೆ ನಾನೂ ‘ಹಳೇ ಕಾಲದ ಬ್ರೆಡ್ಡು’ ಎಂದು ಚೀಟಿ ಅಂಟಿಸಿ ನಲವತ್ತೇ ಇಟ್ಟೆ. ಸ್ವಲ್ಪ ಹುಳಿ ಬರಲೆಂದು ಮೊಸರು ಸೇರಿಸಿದ್ದೆ. ದರ್ಜಿಯಮ್ಮ ಒಂದು ಚೂರು ತಿಂದು, “ಮೆತ್ತಗಿದೆ ಬಿಡಿ,” ಎಂದಳು. ನಮ್ಮ ಬೀದಿಯಲ್ಲಿ ಇಷ್ಟು ಮರ್ಯಾದೆಯಿಂದ ಯಾರೂ ಯಾರ ಮುಖಕ್ಕೂ ಹೊಡೆದಿಲ್ಲ. ಆ ದರ್ಜಿಯಮ್ಮ, ಅವಳ ಪಕ್ಕದ ಮನೆಯ ನಿವೃತ್ತ ಮೇಷ್ಟ್ರು, ಇನ್ನೂ ಕೆಲವರು ಆಗಾಗ ತಮ್ಮನ ಅಂಗಡಿಯಿಂದ ಮುಚ್ಚಳ ಹಾಕಿದ ಸಣ್ಣ ಬಟ್ಟಲು ಹಿಡಿದು ಬರುವುದನ್ನು ಗಲ್ಲಾದಿಂದ ಕಂಡಿದ್ದೆ. ಗಿರಾಕಿಗಳನ್ನು ಹಿಡಿದಿಡಲು ಏನೋ ಬಿಟ್ಟಿ ಹಂಚುತ್ತಿದ್ದಾನೆ, ಎಂಥ ಚಾಲಾಕಿ ಎಂದುಕೊಂಡೆ.

ಎಲ್ಲಕ್ಕಿಂತ ಹೆಚ್ಚು ಮೈ ಉರಿದದ್ದು ನನ್ನ ಸ್ವಂತ ಅಡುಗೆಮನೆಯಲ್ಲಿ. ಹತ್ತು ವರ್ಷದ ಹಿಂದೆ ಒಂದು ಮಧ್ಯಾಹ್ನ ಜ್ವರ ಬಂದಂತಾಗಿ ಬೇಗ ಮನೆಗೆ ಬಂದೆ. ಸಕ್ಕರೆಯ ಡಬ್ಬಿ ಎಂದು ತೆರೆದರೆ ಒಳಗೆ ಬಟ್ಟೆ ಸುತ್ತಿದ ಬ್ರೆಡ್ಡು. ಚಿಕ್ಕದು, ಗುಂಡಗೆ, ಒಂದು ಕಡೆ ಸೊಟ್ಟ. ಮೂಗಿಗೆ ಹಿಡಿದೆ. ಅಪ್ಪನ ವಾಸನೆ.

“ದಿನಾ ಚೀಲ ತುಂಬ ಬ್ರೆಡ್ಡು ತಂದು ಸುರೀತೀನಿ. ಅದು ಬಿಟ್ಟು ಆ ಅಂಗಡಿಗೆ ಹೋಗಿ ಸೊಟ್ಟಗಾದದ್ದನ್ನು ಬೇಡ್ಕೊಂಡು ಬರ್ತೀಯಾ?” ಎಂದು ಕೂಗಾಡಿದೆ.

ಹೆಂಡತಿ ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಬ್ರೆಡ್ಡು ಕಿಟಕಿಯಾಚೆ ಹೋಗಿತ್ತು. ಅವಳು ಡಬ್ಬಿ ತೊಳೆದು ಬೋರಲು ಹಾಕಿದಳು. ನನ್ನ ಹೆಂಡತಿಯೂ ಸಾಲಿನಲ್ಲಿ ನಿಲ್ಲುತ್ತಾಳೆ ಎಂಬ ಮಾತು ಮುಳ್ಳಿನ ಹಾಗೆ ಒಳಗೇ ಉಳಿಯಿತು. ಆಮೇಲೆ ಮನೆಯಲ್ಲಿ ಅಂಥ ಬ್ರೆಡ್ಡು ನನ್ನ ಕಣ್ಣಿಗೆ ಬೀಳಲಿಲ್ಲ.

ಹೋದ ಬೇಸಿಗೆಯಲ್ಲಿ ತಮ್ಮನಿಗೆ ಕಾಮಾಲೆ ಬಂತು. ಕಣ್ಣು, ಉಗುರು ಎಲ್ಲಾ ಹಳದಿ. ಆಸ್ಪತ್ರೆಗೆ ಸೇರಿಸಿದರು. ಎರಡು ಮೂರು ವಾರ ಬೇಕು ಎಂದರು. ಮೂವತ್ತು ವರ್ಷದಲ್ಲಿ ಮೊದಲ ಬಾರಿಗೆ ಆ ನೀಲಿ ಬಾಗಿಲು ಬೆಳಿಗ್ಗೆ ತೆರೆಯಲಿಲ್ಲ. ಅವತ್ತು ಮಧ್ಯಾಹ್ನ ಅವನ ಹೆಂಡತಿ ನನ್ನ ಅಂಗಡಿಗೆ ಬಂದಳು. ಕೈಯಲ್ಲಿ ಭರಣಿ.

“ಭಾವ, ನಾನು ಆಸ್ಪತ್ರೇಲೇ ಇರ್ಬೇಕು. ಇದನ್ನ ನಿಮ್ಮ ಹತ್ರ ಬಿಟ್ಟು ಬಾ ಅಂದ್ರು. ದಿನಾ ಒಂದು ಹಿಡಿ ಹಿಟ್ಟು, ನೆನೆಯೋಷ್ಟು ನೀರು. ಹೆಚ್ಚಾದ್ರೆ ತೆಗೆದುಬಿಡಿ, ಒಂದು ಚಮಚ ಉಳಿಸ್ಕೊಳ್ಳಿ. ಅಷ್ಟೇ.”

“ನನಗೇ ಪಾಠ ಹೇಳ್ತೀಯೇನಮ್ಮ?” ಎಂದು ನಕ್ಕೆ.

ಅವಳು ಹೋದ ಮೇಲೆ ಮುಚ್ಚಳ ತೆರೆದೆ. ಬೂದು ಬಿಳುಪಿನ ಮುದ್ದೆ, ಮೇಲೆ ಸಣ್ಣ ಸಣ್ಣ ಗುಳ್ಳೆ. ಅದೇ ಹಳೆಯ ಹುಳಿ ವಾಸನೆ. ಏಳು ವರ್ಷದವನಾಗಿದ್ದಾಗ ನನ್ನ ಪಾಲು ತಿಂದದ್ದು ಇದೇ. ಮೂವತ್ತು ವರ್ಷ ಬೀದಿಯ ಆಚೆ ಕುಳಿತು ಅಣಕಿಸಿದ್ದೂ ಇದೇ. ಈಗ ನನ್ನ ಕೈಗೆ ತಾನೇ ನಡೆದು ಬಂದಿತ್ತು.

ಎರಡು ದಿನ ಹೇಳಿದ ಹಾಗೆಯೇ ಮಾಡಿದೆ. ಒಂದು ಹಿಡಿ. ಸೂರು ಮುಟ್ಟುವ ಮೂಟೆಗಳ ನಡುವೆ ನಿಂತು ಒಂದೇ ಒಂದು ಹಿಡಿ ಹಿಟ್ಟು ಹಾಕುವಾಗ ನನಗೆ ನಾಚಿಕೆಯಾಯಿತು. ಇದೇನು ಭಿಕ್ಷೆಯೇ? ಮೂರನೇ ದಿನ ಬೆಳಿಗ್ಗೆ ತಮ್ಮನ ಬಾಗಿಲ ಮುಂದೆ ಅಭ್ಯಾಸದಿಂದ ಬಂದು ಪೆಚ್ಚಾಗಿ ನಿಂತ ಜನರನ್ನು ನೋಡಿದೆ. ತಲೆಯಲ್ಲಿ ಲೆಕ್ಕ ಹೊಳೆಯಿತು. ಅವನು ಬರುವುದರೊಳಗೆ ಇದನ್ನು ಹೆಚ್ಚಿಸಿ, ನಲವತ್ತಲ್ಲ, ಇನ್ನೂರು ಬ್ರೆಡ್ಡು ಮಾಡಿ, ಗಾಜಿನ ಕಪಾಟಿನಲ್ಲಿ ಸಂಜೆಯ ತನಕ ಇಟ್ಟರೆ? ಯಾರೂ ಸಾಲು ನಿಲ್ಲಬೇಕಿಲ್ಲ, ಯಾರೂ ಕೈ ಬೀಸಿಕೊಂಡು ಹೋಗಬೇಕಿಲ್ಲ. ಆಗ ಸಾಲು ಯಾವ ಕಡೆ ತಿರುಗುತ್ತದೆ ನೋಡೋಣ.

ಭರಣಿಯನ್ನು ಯಂತ್ರದ ಕೊಪ್ಪರಿಗೆಯ ಮೇಲೆ ಬಗ್ಗಿಸಿದೆ. ಅಂಟಿಕೊಂಡಿದ್ದನ್ನೂ ಬಿಡದೆ ಕೆರೆದು ಹಾಕಿದೆ. ಅದರ ಮೇಲೆ ಅರ್ಧ ಮೂಟೆ ಹಿಟ್ಟು, ಎರಡು ಬಕೆಟ್ಟು ನೀರು. ಅಪ್ಪನ ಕಾಲದ ಒಲೆಯಾಳು ಈಗ ನನ್ನಷ್ಟೇ ಮುದುಕ. ಅವನು ನಿಂತು ನೋಡುತ್ತಿದ್ದ.

“ಯಜಮಾನ್ರೇ, ಒಂದು ಚಮಚ ಎತ್ತಿಡ್ರೀ,” ಎಂದ.

“ಕೊಪ್ಪರಿಗೆ ತುಂಬ ಇದೆ, ಚಮಚ ಯಾಕೋ?”

“ಅಪ್ಪಾವ್ರು ಎತ್ತಿಡ್ತಿದ್ರು.”

“ಅಪ್ಪಾವ್ರ ಹತ್ರ ಇದ್ದದ್ದೇ ಅಷ್ಟು,” ಎಂದು ಗದರಿಸಿದೆ. ಬೇಗ ಉಬ್ಬಲೆಂದು ಕೊಪ್ಪರಿಗೆಯನ್ನು ಎತ್ತಿಸಿ ಬಿಸಿ ಒಲೆಯ ನೆತ್ತಿಯ ಮೇಲೆ ಇಡಿಸಿದೆ. ಭರಣಿಯನ್ನು ಕುದಿಯುವ ನೀರಿನಲ್ಲಿ ತೊಳೆದು ಬಿಸಿಲಿಗೆ ಬೋರಲು ಹಾಕಿದೆ. ಫಳಫಳ ಹೊಳೆಯಿತು. ತಮ್ಮನ ಮನೆಯಲ್ಲಿ ಅದು ಎಂದೂ ಅಷ್ಟು ಹೊಳೆದಿರಲಿಕ್ಕಿಲ್ಲ.

ಮರುದಿನ ಬೆಳಿಗ್ಗೆ ಕೊಪ್ಪರಿಗೆ ಇಳಿಸಿ ಮುಚ್ಚಿದ ಬಟ್ಟೆ ತೆಗೆದಾಗ ಒಲೆಯಾಳು ಹಿಂದಕ್ಕೆ ಸರಿದ. ಅಂಚೆಲ್ಲ ಬೆಂದು ಗಟ್ಟಿಯಾಗಿತ್ತು. ನಡುವೆ ನೀರು ಬಿಟ್ಟು, ಅಲ್ಲಲ್ಲಿ ಗುಲಾಬಿ ಬಣ್ಣದ ಗೆರೆ ಬಂದಿತ್ತು. ಕೊಳೆತ ವಾಸನೆ. ಒಂದೇ ಒಂದು ಗುಳ್ಳೆ ಇರಲಿಲ್ಲ. ನಡುವಿನಿಂದ ಒಂದಿಷ್ಟು ತೆಗೆದು ಹೊಸ ಹಿಟ್ಟು ಕೊಟ್ಟು ಮೂರು ದಿನ ಕಾದೆ. ಬಟ್ಟಲು ಬದಲಿಸಿದೆ, ಉಗುರುಬೆಚ್ಚಗಿನ ನೀರು ಕೊಟ್ಟೆ, ಕೊನೆಗೆ ಕೈ ಮುಗಿಯುವುದೊಂದು ಬಾಕಿ. ಅದು ಕಲ್ಲಿನ ಹಾಗೆ ಕುಳಿತಿತ್ತು. ಹಿಟ್ಟೇ ಇಲ್ಲದ ವರ್ಷದಲ್ಲಿ ಅಪ್ಪ ಒಂದೊಂದು ಹಿಡಿಯಲ್ಲಿ ಉಳಿಸಿದ್ದನ್ನು ನಾನು ಅರ್ಧ ಮೂಟೆ ಸುರಿದು ಕೊಂದಿದ್ದೆ.

ಆಗ ಹೆದರಿಕೆ ಶುರುವಾಯಿತು. ತಮ್ಮನಿಗೆ ಗೊತ್ತಿರುವ ಕೆಲಸ ಇದೊಂದೇ. ಅವನ ನಲವತ್ತು ಬ್ರೆಡ್ಡೂ ಆ ಭರಣಿಯಿಂದಲೇ ಹುಟ್ಟಬೇಕು. ಅವನ ಅನ್ನಕ್ಕೆ ಕಲ್ಲು ಹಾಕಿದ್ದೆ. ಅಪ್ಪನ ಬ್ರೆಡ್ಡು ಇನ್ನು ಈ ಲೋಕದಲ್ಲೇ ಇಲ್ಲ. ನಾಚಿಕೆ ಬಿಟ್ಟು ಹೇಳುತ್ತೇನೆ, ಅಷ್ಟು ಸಂಕಟದಲ್ಲೂ ಮನಸ್ಸಿನ ಒಂದು ಮೂಲೆ, ಈಗ ಇಬ್ಬರೂ ಸಮ ಎಂದು ಪಿಸುಗುಟ್ಟಿತು. ಆ ಪಿಸುಮಾತು ಕೇಳಿಸಿದ ಮೇಲೆ ನನಗೆ ಅಂಗಡಿಯಲ್ಲಿ ಕೂರಲಾಗಲಿಲ್ಲ. ತೊಳೆದ ಭರಣಿಯನ್ನು ಬಟ್ಟೆ ಚೀಲದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಹೋದೆ.

ತಮ್ಮ ಕಿಟಕಿಯ ಪಕ್ಕದ ಮಂಚದಲ್ಲಿ ದಿಂಬಿಗೆ ಒರಗಿ ಕುಳಿತಿದ್ದ. ಮುಖ ಇಳಿದಿತ್ತು. ಅವನ ಹೆಂಡತಿ ಔಷಧಿ ತರಲು ಕೆಳಗೆ ಹೋಗಿದ್ದಳು. ನಾನು ಚೀಲದಿಂದ ಭರಣಿ ತೆಗೆದು ಅವನ ತೊಡೆಯ ಮೇಲಿಟ್ಟೆ, ಅಪ್ಪ ಇಟ್ಟ ಹಾಗೆಯೇ. ಅವನು ಒಳಗೆ ಇಣುಕಿ ನೋಡಿ ನನ್ನ ಮುಖ ನೋಡಿದ.

“ಸತ್ತುಹೋಯ್ತು,” ಎಂದೆ. “ನಾನೇ ಸಾಯಿಸ್ದೆ. ನಿನ್ನ ಗಿರಾಕಿಗಳನ್ನ ಎಳ್ಕೋಬೇಕು ಅಂತ ಅರ್ಧ ಮೂಟೆ ಹಿಟ್ಟಿಗೆ ಹಾಕಿ, ಒಲೆ ಮೇಲಿಟ್ಟೆ.”

“ಎಲ್ಲಾನೂ ಹಾಕ್ಬಿಟ್ಯಾ?”

“ಎಲ್ಲಾನೂ.”

“ಒಂದು ಚಮಚಾನೂ ಎತ್ತಿಡ್ಲಿಲ್ವಾ?”

ಇಲ್ಲ ಎಂದು ತಲೆಯಾಡಿಸಿದೆ. ಬೈಯಲಿ, ಅಳಲಿ, ಭರಣಿ ಎತ್ತಿ ನನ್ನ ತಲೆಗೇ ಹಾಕಲಿ ಎಂದು ಕಾದೆ. ಅವನ ಹೊಟ್ಟೆ ಅಲುಗಾಡತೊಡಗಿತು. ನಗುತ್ತಿದ್ದ. ನಕ್ಕು ನಕ್ಕು ಕೆಮ್ಮು ಬಂತು. ನೀರು ಕೊಟ್ಟೆ.

“ಅಲ್ಲಣ್ಣ, ಹೆಪ್ಪು ಬೇಕಿದ್ರೆ ಒಂದು ಮಾತು ಕೇಳ್ಬಾರ್ದಿತ್ತಾ?”

“ಅಪ್ಪ ನಿನಗೆ ಕೊಟ್ಟದ್ದಲ್ವೇನೋ ಅದು.”

“ಉಳಿದದ್ದು ಕೊಟ್ರು. ನಾನು ಕೇಳಿದವರಿಗೆಲ್ಲ ಕೊಟ್ಟೆ. ದರ್ಜಿಯಮ್ಮನ ಹತ್ರ ಇದೆ, ಮೇಷ್ಟ್ರ ಮನೇಲಿದೆ, ಕನ್ನಡಕದಂಗಡಿಯವ್ರು ಒಯ್ದು ಆರು ವರ್ಷ ಆಯ್ತು. ಈ ವಾರ್ಡಿನ ನರ್ಸಮ್ಮ ಕೂಡ ಇಟ್ಕೊಂಡಿದ್ದಾರೆ. ಯಾರಾದ್ರೂ ಒಂದು ಚಮಚ ಕೊಟ್ರೆ ಮೂರು ದಿನಕ್ಕೆ ಭರಣಿ ತುಂಬುತ್ತೆ. ಅದಕ್ಕೆ ಇಷ್ಟು ಬೆವರ್ತೀಯಲ್ಲ.”

ಮುಚ್ಚಳ ಹಾಕಿದ ಬಟ್ಟಲುಗಳು ಒಂದೊಂದಾಗಿ ಕಣ್ಣ ಮುಂದೆ ಬಂದವು. ಬೀದಿಗೆ ಬೀದಿಯೇ ಅಪ್ಪನ ಹೆಪ್ಪು ಇಟ್ಟುಕೊಂಡಿತ್ತು. ನನ್ನ ಚಹಾ ಕುಡಿಯುವವನ ಮನೆಯಲ್ಲೂ ಇತ್ತು. ಅಪ್ಪನ ಹಿರಿಯ ಮಗನ ಹತ್ತಿರ ಮಾತ್ರ ಇರಲಿಲ್ಲ. ಇಷ್ಟು ದಿನ ಒಬ್ಬನ ಮೇಲೆ ಉರಿಯುತ್ತಿದ್ದವನು ಈಗ ಹತ್ತು ಮನೆಯ ಮೇಲೆ ಉರಿಯಬೇಕಾಯಿತು.

“ಹಾಗಾದ್ರೆ ದರ್ಜಿಯಮ್ಮನ ಹತ್ರ ಹೋಗಿ ಕೇಳ್ತೀನಿ,” ಎಂದೆ.

“ಅಷ್ಟು ದೂರ ಯಾಕೆ ಹೋಗ್ತೀಯ?” ಎಂದ ತಮ್ಮ. “ನಿನ್ನ ಮನೇಲೇ ಇದೆಯಲ್ಲ. ಅತ್ತಿಗೆ ಬಂದು ಕೇಳಿದ್ರು, ಕೊಟ್ಟೆ. ಹನ್ನೆರಡು ವರ್ಷ ಆಯ್ತು.” ಆಮೇಲೆ ನನ್ನ ಮುಖ ನೋಡಿ ಅವನ ನಗು ನಿಂತಿತು. “ನಿನಗೆ ಗೊತ್ತಿಲ್ವಾ?”

ಭರಣಿ ಎತ್ತಿಕೊಂಡು ಮನೆಗೆ ಹೇಗೆ ಬಂದೆನೋ ತಿಳಿಯದು. ಹೆಂಡತಿ ಅಡುಗೆಮನೆಯಲ್ಲಿ ಬಟ್ಟೆ ಮಡಿಸುತ್ತಿದ್ದಳು. ನನ್ನ ಕೈಯಲ್ಲಿದ್ದ ಭರಣಿ ನೋಡಿದಳು. ಎದ್ದು, ಉಪ್ಪಿನ ಡಬ್ಬಿಗಳ ಸಾಲನ್ನು ಸರಿಸಿದಳು. ನಾನೇ ತಂದು ಪೇರಿಸಿದ ನಾಲ್ಕು ಡಬ್ಬಿ. ಅವುಗಳ ಹಿಂದೆ ಒಂದು ಗಾಜಿನ ಬಾಟಲಿ ಇತ್ತು, ಮೇಲೆ ತೆಳು ಬಟ್ಟೆ ಕಟ್ಟಿತ್ತು. ಒಳಗೆ ಬೂದು ಬಿಳುಪಿನ ಮುದ್ದೆ, ಸಣ್ಣ ಸಣ್ಣ ಗುಳ್ಳೆ.

“ಆ ಸೊಟ್ಟ ಬ್ರೆಡ್ಡು…” ಎಂದೆ.

“ನಾನೇ ಮಾಡಿದ್ದು. ದಪ್ಪ ತಳದ ಪಾತ್ರೇಲಿ. ಒಂದು ಕಡೆ ಉರಿ ಜಾಸ್ತಿ, ಅದಕ್ಕೇ ಸೊಟ್ಟ ಆಗ್ತಿತ್ತು. ಈಗ ಆಗಲ್ಲ.”

“ಅವತ್ತು ಯಾಕೆ ಹೇಳ್ಲಿಲ್ಲ?”

“ಹೇಳೋಕೆ ಬಾಯಿ ತೆಗೆಯೋದ್ರೊಳಗೆ ಬ್ರೆಡ್ಡು ಕಿಟಕಿಯಾಚೆ ಹೋಯ್ತು. ಹೇಳಿದ್ರೆ ಬಾಟ್ಲೂ ಹೋಗ್ತಿತ್ತು.”

ಅದು ಸುಳ್ಳಲ್ಲ. ನಾನು ಭರಣಿಯನ್ನು ಮುಂದೆ ಚಾಚಿದೆ. ತಮ್ಮನದು ಎಂದೆ, ಕೊಂದದ್ದು ನಾನು ಎಂದೆ.

“ಎಷ್ಟು ಬೇಕು?” ಎಂದು ಕೇಳಿದಳು.

ಎಷ್ಟಿದ್ದರೆ ಅಷ್ಟು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅರವತ್ತೆಂಟು ವರ್ಷದ ಅಭ್ಯಾಸ. ನುಂಗಿಕೊಂಡೆ. “ಒಂದು ಚಮಚ,” ಎಂದೆ.

ಅವಳು ಮೊದಲು ಒಂದು ಚಮಚ ತನಗೆ ಬೇರೆ ಎತ್ತಿಟ್ಟಳು. ಆಮೇಲೆ ಇನ್ನೊಂದು ಚಮಚ ಭರಣಿಗೆ ಹಾಕಿ, ಒಂದು ಹಿಡಿ ಹಿಟ್ಟು, ನೀರು ಬೆರೆಸಿ, ಬಾಯಿಗೆ ಬಟ್ಟೆ ಕಟ್ಟಿದಳು. ಬಾಟಲಿಯಲ್ಲಿ ಇನ್ನೂ ಸ್ವಲ್ಪ ಇತ್ತು. ಚಮಚ ಹಿಡಿದು ನನ್ನನ್ನೇ ನೋಡುತ್ತಾ ನಿಂತಳು.

“ಅದು ಮೈದುನನಿಗೆ ಆಯ್ತು. ನಿಮಗೆ ಬೇಡ್ವಾ?”

ಅಂಗಡಿ, ಒಲೆ, ಮರಿಗೆ, ಗಾಡಿ, ಗಡಿಯಾರ ಎಂದು ಒಂದೇ ಉಸಿರಿಗೆ ಕೇಳಿದ್ದ ಬಾಯಿ ಇದೇ. ಈಗ ಅದಕ್ಕೆ ಎರಡು ಪದ ಹೊರಡಲಿಲ್ಲ. ಕೊನೆಗೆ ನಾನೇ ಕಪಾಟಿನಿಂದ ಒಂದು ಬಟ್ಟಲು ತೆಗೆದು, ಎರಡೂ ಕೈಯಲ್ಲಿ ಹಿಡಿದು ಅವಳ ಮುಂದೆ ನಿಂತೆ.

“ನನಗೂ ಸ್ವಲ್ಪ ಕೊಡು,” ಎಂದೆ.

ಅವಳು ಕೊಟ್ಟಳು. ಆಗಲೂ ನನ್ನ ಕಣ್ಣು ಬಟ್ಟಲಿನಿಂದ ಭರಣಿಗೆ, ಭರಣಿಯಿಂದ ಬಟ್ಟಲಿಗೆ ಹೋಗಿ ಬರುತ್ತಿತ್ತು, ತಮ್ಮನಿಗೆ ಹಾಕಿದ ಚಮಚ ನನ್ನದಕ್ಕಿಂತ ದೊಡ್ಡದಿತ್ತೇನೋ ಎಂದು.